ಮಾಪಣ್ಣ ಕೊಟ್ಟ ಮಾಫಿ

ಕಲಬುರಗಿ, ದರ್ಗಾದ ಹತ್ತಿರದ ಮುಸಾಫಿರಖಾನೆ
ಪ್ರಭವ ಸಂವತ್ಸರ, ಚೈತ್ರ ಶುದ್ಧ ದಶಮಿ, ಮಂಗಳವಾರ
(ನಮ್ಮ ಲೆಕ್ಕಕ್ಕೆ ಶವ್ವಾಲ್ ಒಂಬತ್ತು, ಸರ್ಕಾರದ ಲೆಕ್ಕಕ್ಕೆ ಫಸಲಿ ೧೩೩೬)

ಪ್ರೀತಿಯ ಗೆಳೆಯ ಮಾಪಣ್ಣನಿಗೆ,

ಬಾಗವಾನ ಖಮರುದ್ದೀನನ ಶರಣು ಮತ್ತು ಸಲಾಮು, ಎರಡೂ. ನಿನಗೆ ಯಾವುದು ಬೇಕೋ ಅದನ್ನು ಮೊದಲು ತೆಗೆದುಕೋ.

ಮುಟ್ಟಿದ ಕೂಡಲೇ ಕಾಗದ ಬರೆಯುತ್ತೇನೆ ಎಂದು ಗಾಡಿ ಹತ್ತುವಾಗ ದೊಡ್ಡದಾಗಿ ಹೇಳಿದ್ದೆ. ಬಂದು ಆರು ದಿನವಾಯಿತು. ‘ಬಾಗವಾನನ ಮಾತು, ಬಾಳಿ ಎಲಿ ಮ್ಯಾಲಿನ ನೀರು’ ಎಂದು ನೀನು ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರೆದುರು ಆಡಿಕೊಂಡಿರುತ್ತೀ. ಆಡಿಕೋ, ತಪ್ಪು ನನ್ನದೇ. ಆದರೆ ಇದು ಸೋಮಾರಿತನವಲ್ಲ. ಮೂರು ಸಲ ಬರೆಯಲು ಕುಳಿತೆ, ಮೂರು ಸಲವೂ ‘ನಾವು ಕ್ಷೇಮ’ ಎಂಬಲ್ಲಿಗೆ ದೌತಿಯ ಬಾಯಿ ಮುಚ್ಚಿದೆ. ಇವತ್ತು ನಾಲ್ಕನೆಯ ಸಲ. ನಿನ್ನ ಹತ್ತಿರ ಕೇಳಬೇಕಾದದ್ದೊಂದಿದೆ. ಊರಲ್ಲಿ ಎದುರಿಗೆ ನಿಂತು ಕೇಳಲಾಗದೆ ಬಂದವನು ಈಗ ಕಾಗದದಲ್ಲಿ ಕೇಳಲು ಕುಳಿತಿದ್ದೇನೆ.

ನನ್ನ ಅಕ್ಷರ ನೋಡಿ ನಗಬೇಡ. ಐಗಳ ಮಠದಲ್ಲಿ ಮರಳಿನ ಮೇಲೆ ನಾವಿಬ್ಬರೂ ಒಟ್ಟಿಗೆ ತಿದ್ದಿದ್ದಲ್ಲವೇ? ನನ್ನ ‘ಳ’ ನೋಡಿದಾಗೆಲ್ಲ ಐಗಳು ‘ಬಾಗವಾನಾ, ಇದು ಅಕ್ಷರ ಅಲ್ಲೋ, ಬಾಳಿಗೊನಿ’ ಎನ್ನುತ್ತಿದ್ದರು. ಅದು ಇಂದಿಗೂ ಗೊನೆಯಂತೆಯೇ ಬರುತ್ತದೆ.

ಮೊದಲು ಸುದ್ದಿ ಹೇಳುತ್ತೇನೆ. ನಮ್ಮ ತಂಡದಲ್ಲಿ ಹನ್ನೊಂದು ಜನ, ಏಳು ಗಂಡಸರು, ನಾಲ್ಕು ಹೆಂಗಸರು. ಹಾಜಿ ಬುರ್ಹಾನುದ್ದೀನ್ ಸಾಹೇಬರು ಮುಖಂಡರು. ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಹಿಂದೊಮ್ಮೆ ಹಜ್ ಮಾಡಿ ಬಂದವರು. ಮುಂಬೈಯಿಂದ ಹಡಗಿನ ಜಾಗದ ಬಗ್ಗೆ ತಾರು ಬರಲಿ ಎಂದು ಇಷ್ಟು ದಿನ ಕಾದೆವು. ನಿನ್ನೆ ಬಂತು. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಸಂಜೆಯ ರೈಲಿಗೆ ಹೊರಡುತ್ತೇವೆ. ಮುಂಬೈಯಿಂದ ಹಡಗು, ಜಿದ್ದಾದಿಂದ ಒಂಟೆ. ಒಂಟೆ ಎಂದ ಕೂಡಲೇ ನನ್ನ ಹೆಂಡತಿ ಮೆಹಬೂಬಿಗೆ ಈಗಲೇ ಸೊಂಟ ನೋವು ಬಂದಿದೆ.

ಮುಂಬೈ ತನಕ ತಾಳಲಿ ಎಂದು ನೀನು ಕಾಯಿ ಇರುವಾಗಲೇ ಕಡಿದು ಕೊಟ್ಟ ಕೆಂಪು ಬಾಳೆಗೊನೆ ಕಲಬುರಗಿಯ ಬಿಸಿಲಿಗೆ ಮೂರೇ ದಿನಕ್ಕೆ ಹಣ್ಣಾಯಿತು. ತಂಡದವರೆಲ್ಲ ತಿಂದರು. ‘ಕಮಲಾಪುರದ ಹಣ್ಣು ಬೆಣ್ಣಿ, ಬೆಣ್ಣಿ’ ಎಂದು ಬುರ್ಹಾನುದ್ದೀನ್ ಸಾಹೇಬರು ನಾಲ್ಕು ತಿಂದು ಐದನೆಯದಕ್ಕೆ ನಾಚಿಕೊಂಡರು. ಯಾರ ತೋಟದ್ದು ಎಂದು ಕೇಳಿದವರಿಗೆಲ್ಲ ನಿನ್ನ ಹೆಸರು ಹೇಳಿದ್ದೇನೆ.

ತಂಡದಲ್ಲಿ ಕಪನೂರದ ಮಸ್ತಾನಬಿ ಎಂಬ ಮುದುಕಿ ಇದ್ದಾಳೆ. ಗಂಡ ಇಲ್ಲ, ತಮ್ಮನ ಜೊತೆ ಹೊರಟಿದ್ದಾಳೆ. ಅವಳ ಟ್ರಂಕು ಎತ್ತಲು ನಾಲ್ಕು ಜನ ಬೇಕು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಉಪ್ಪಿನಕಾಯಿ ಇರಲಿ, ಒಳಗೆ ಬೀಸುವ ಕಲ್ಲೂ ಇದೆ ಮಾರಾಯ! ‘ಹಿಟ್ಟು ತೀರಿದ ಮ್ಯಾಲ ಮಕ್ಕಾದಾಗ ನನಗ ಯಾರ ಬೀಸಿ ಕೊಡ್ತಾರ?’ ಎಂದು ನಮ್ಮನ್ನೇ ಕೇಳುತ್ತಾಳೆ. ಅದನ್ನು ಗಾಡಿಯಿಂದ ಇಳಿಸಿದವರಲ್ಲಿ ನಾನೂ ಒಬ್ಬ. ಬೆನ್ನು ಹಿಡಿದ ಸಿಟ್ಟಿಗೆ ಏನೋ ಒಂದು ಮಾತು ಅಂದೆ. ಆ ಮಾತು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಬಂದ ಮರುದಿನ ಸಾಹೇಬರು ನಮಗೆ ಎಹ್ರಾಮ್ ಉಡುವುದನ್ನು ಕಲಿಸಿದರು. ಹಜ್‌ನಲ್ಲಿ ಗಂಡಸರು ಉಡುವುದು ಎರಡೇ ಬಿಳಿ ಬಟ್ಟೆ, ಹೊಲಿಗೆಯಿಲ್ಲ, ಗುಂಡಿಯಿಲ್ಲ. ಲುಂಗಿ ಉಟ್ಟವರಿಗೆ ಇದೇನು ದೊಡ್ಡದು ಎಂದುಕೊಂಡಿದ್ದೆ. ಎದ್ದು ಬಾಗಿದರೆ ಮೇಲಿನದು ಜಾರುತ್ತದೆ, ಅದನ್ನು ಹಿಡಿದರೆ ಕೆಳಗಿನದು. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ಆದರೆ ಏಳೂ ಜನ ಉಟ್ಟು ಸಾಲಾಗಿ ನಿಂತಾಗ ನಗು ತಾನೇ ನಿಂತಿತು. ಗುಮಾಸ್ತ ಯಾರು, ಹಣ್ಣು ಮಾರುವ ಬಾಗವಾನ ಯಾರು, ಹೊಲದ ಒಡೆಯ ಯಾರು ಎಂದು ಗೊತ್ತಾಗಲಿಲ್ಲ. ‘ನಮ್ಮನ್ನ ಮಣ್ಣಿಗೆ ಇಡೂಮುಂದೂ ಇಂಥಾದ್ದೇ ಬಟ್ಟಿ. ಹಜ್ಜಕ್ಕ ಹೋಗೂದಂದ್ರ ಒಂದ್ಸಲ ಸತ್ತು ಬಂದಂಗ. ಅದಕ್ಕ ಎಲ್ಲಾ ತೀರಿಸಿಕೊಂಡು ಹೊರಡ್ರಿ’ ಎಂದರು ಸಾಹೇಬರು.

ಆ ಬಟ್ಟೆ ಬಿಚ್ಚಿ ಕೊಡವುವಾಗ ನನ್ನದರ ಮಡಿಕೆಯಿಂದ ಒಂದು ಸಣ್ಣ ಅರಿವೆ ಗಂಟು ಕೆಳಗೆ ಬಿತ್ತು. ಒಳಗೆ ಒಣಗಿದ ಎಲೆ. ಮೆಹಬೂಬಿ ಓಡಿ ಬಂದು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡಳು. ‘ನಿಮ್ಮ ತಕ್ಕಡಿ ಪೆಟಿಗಿ ತಳದಾಗ ಇತ್ತುರೀ. ದರ್ಗಾದ ತಬರ್ರುಕ್ ಅಲ್ಲೇನ್ರೀ? ಮಕ್ಕಾಕ್ಕ ತಗೊಂಡು ಹೋಗೂಣು ಅಂತ ನಾನ ಇಟ್ಟೀನಿ’ ಎಂದಳು. ದರ್ಗಾದ ಮೇಲೆ ಏರಿಸಿದ ಹೂವು ಒಣಗಿದ್ದು ಎಂದು ಅವಳು ತಿಳಿದಿದ್ದಳು. ಅದು ದರ್ಗಾದ್ದಲ್ಲ. ಏನು ಎಂದು ಅವಳಿಗೆ ಆಗ ಹೇಳಲಿಲ್ಲ.

ಮಾಪಣ್ಣ, ನಾನು ನಿನ್ನ ಬಾಗಿಲಿಗೆ ಬಂದ ದಿನ ನಿನಗೆ ನೆನಪಿದೆಯಲ್ಲ? ಈ ವರ್ಷ ನಿಮ್ಮ ಯುಗಾದಿಯ ಚಂದ್ರ, ನಮ್ಮ ಈದಿನ ಚಂದ್ರ ಎರಡೂ ಒಂದೇ ಆಗಿ ಬಂದವು. ನಿನ್ನ ಮಾಳಿಗೆಯ ಮೇಲೆಯೇ ನಿಂತು ನೋಡಿದೆವು. ‘ಒಂದ ಚಂದ್ರಗ ಇಬ್ಬರೂ ಕೈ ಮುಗದೀವಿ, ಯಾರ ಪಾಲಿಗೆ ಎಷ್ಟೋ?’ ಎಂದು ನೀನು ನಗಿಸಿದೆ. ಅದರ ಮೂರನೆಯ ದಿನ ನಾನು ಹೊಸ ಅಂಗಿ ತೊಟ್ಟು ಊರಿನ ಮನೆಮನೆಗೂ ಹೋದೆ. ಹಜ್‌ಗೆ ಹೊರಟವನು ಹೋಗಲೇಬೇಕು. ‘ಕಹಾ ಸುನಾ ಮಾಫ್ ಕರೋ’ ಎನ್ನಬೇಕು, ಆಡಿದ್ದು ಅಂದದ್ದು ಎಲ್ಲವನ್ನೂ ಮನ್ನಿಸಿ ಎಂದು. ನಿನ್ನ ಮನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ.

ನಾನು ಕೈ ಜೋಡಿಸಿ ಅರ್ಧ ಮಾತು ಆಡುವಷ್ಟರಲ್ಲಿ ನೀನು ನನ್ನ ಕೈ ಹಿಡಿದುಕೊಂಡೆ. ‘ಏ ಕಮರ್ಯಾ, ನನ್ನ ಹೆಸರಿನ್ಯಾಗೇ ಮಾಪು ಅದ. ನಮ್ಮವ್ವ ತೊಟ್ಟಿಲದಾಗ ಹಾಕಿದಾಗೇ ನಿನಗ ಮಾಪು ಮಾಡ್ಯಾಳ. ಹೋಗು, ಸುಖದಿಂದ ಹೋಗಿ ಬಾ’ ಎಂದೆ. ನಿಮ್ಮ ಬಾಯಲ್ಲಿ ನಮ್ಮ ಮಾಫಿ ಯಾವಾಗಲೂ ಮಾಪು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾರಾದೆ ಎಂದುಕೊಂಡೆ, ಸುಳ್ಳು ಏಕೆ ಹೇಳಲಿ.

ಆಮೇಲೆ ನೀನು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಗೊನೆ ಕಡಿಯುತ್ತ, ನನ್ನ ಕಡೆ ನೋಡದೆ ಹೇಳಿದೆ: ‘ನನ್ನದೊಂದು ಕೆಲಸ ಮಾಡ್ತಿ? ಅಲ್ಲಿ ನಿಮ್ಮ ದೇವರ ಮನಿ ಮುಂದ ನಿಂತಾಗ ನಮ್ಮ ಚಂದಮ್ಮನ ಹೆಸರು ಒಂದ್ಸಲ ತಗಿ. ನಿಮ್ಮಣ್ಣ ಮಾಪು ಕೇಳ್ಯಾನ ಅಂತ ಹೇಳು. ಆಕಿ ನನ್ನ ಮ್ಯಾಲ ಸಿಟ್ಟಿಟ್ಟುಕೊಂಡೇ ಹ್ವಾದಳು. ಸಾಯೂಮುಂದೂ ಅಣ್ಣನ್ನ ಕರೀರಿ ಅನ್ನಲಿಲ್ಲ.’

ಆಯಿತು ಎಂದೆ. ಇನ್ನೇನು ಹೇಳಲಿ? ನಿನ್ನ ಒಬ್ಬಳೇ ತಂಗಿ ಅವಳು, ನನ್ನ ಕಣ್ಣೆದುರೇ ಪರಕಾರ ಉಟ್ಟು ಬೆಳೆದವಳು. ತಾಜಸುಲ್ತಾನಪುರಕ್ಕೆ ಕೊಟ್ಟಾಗ ಅವಳ ಸಾಮಾನಿನ ಗಾಡಿ ಹೊಡೆದವನು ನಾನು. ಜ್ವರದ ವರ್ಷ, ಅಂದರೆ ಈಗ ಒಂಬತ್ತು ವರ್ಷದ ಕೆಳಗೆ, ತೋಟದಲ್ಲಿ ಕೆಲಸ ಇದೆ ಎಂದು ಪಂಚಮಿಗೆ ಕರೆಯಲು ನೀನು ಹೋಗದೆ ಆಳನ್ನು ಕಳಿಸಿದೆ. ‘ಅಣ್ಣ ಬಂದು ಕರದ್ರ ಬರ್ತೀನಿ, ಇಲ್ಲಂದ್ರ ಆ ಹೊಸಿಲ ತುಳಿಯೂದಿಲ್ಲ’ ಎಂದು ಅವಳು ಆಳನ್ನು ತಿರುಗಿಸಿದಳು. ‘ಹಂಗಾರ ಆಕೀನ ಹೇಳಿ ಕಳಿಸ್ಲಿ’ ಎಂದು ನೀನು ಕುಳಿತೆ. ಅಣ್ಣ ಏರಿಗೆ ಎಳೆದರೆ ತಂಗಿ ನೀರಿಗೆ. ಅಷ್ಟರಲ್ಲಿ ಜ್ವರ ಬಂತು, ದಸರೆಯಾದ ಮೇಲೆ ಅವಳು ಹೋದಳು. ಅಂದಿನಿಂದ ನಿನ್ನ ಮನೆಯ ಜಂತಿಗೆ ಪಂಚಮಿಯ ಜೋಕಾಲಿ ಕಟ್ಟಿಲ್ಲ. ಪ್ರತಿ ಪಂಚಮಿಗೂ ನೀನು ಈ ಕಥೆ ಹೇಳುತ್ತೀ, ಪ್ರತಿ ಪಂಚಮಿಗೂ ನಾನು ಕೇಳುತ್ತೇನೆ.

ಮರುದಿನ ಕಲಬುರಗಿಗೆ ಬರುವಾಗ ಕಪನೂರದ ತಿರುವು ಬಂತು, ತಾಜಸುಲ್ತಾನಪುರಕ್ಕೆ ದಾರಿ ಒಡೆಯುವ ಜಾಗ. ಮೆಹಬೂಬಿ ‘ಆ ಜಾಲಿಮರ ಎಷ್ಟು ದೊಡ್ಡದಾಗೇದ ನೋಡ್ರಿ’ ಎಂದಳು. ನಾನು ಎತ್ತಿನ ಕೊಂಬು ನೋಡುತ್ತ ಕುಳಿತಿದ್ದೆ.

ಈಗ ಮಸ್ತಾನಬಿಯ ಮಾತಿಗೆ ಬರುತ್ತೇನೆ. ಮೊನ್ನೆ ಮಧ್ಯಾಹ್ನ ಸಾಹೇಬರು ಹನ್ನೊಂದೂ ಜನರನ್ನು ಸುತ್ತ ಕೂರಿಸಿದರು. ‘ಹಡಗಿನ್ಯಾಗ ನೀರಿಗೆ ಜಗಳ ಬರ್ತದ, ಜಾಗಕ್ಕ ಜಗಳ ಬರ್ತದ. ಈಗೇ ಒಬ್ಬರಿಗೊಬ್ಬರು ಕಹಾ ಸುನಾ ಹೇಳ್ಕೊಂಡುಬಿಡ್ರಿ’ ಎಂದರು. ನನ್ನ ಸರದಿ ಬಂದಾಗ ಮಸ್ತಾನಬಿಯ ಮುಂದೆ ಹೋಗಿ, ಬಾಯಿಪಾಠ ಒಪ್ಪಿಸುವ ಹಾಗೆ ‘ಆಪಾ, ಕಹಾ ಸುನಾ ಮಾಫ್’ ಎಂದೆ. ಬೇರೆಯವರಾಗಿದ್ದರೆ ‘ಮಾಫ್, ಮಾಫ್’ ಎಂದು ಮುಗಿಸುತ್ತಿದ್ದರು. ಮುದುಕಿ ತಸ್ಬಿ ಮಣಿ ತಿರುಗಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

‘ಏನಂದಿದ್ದಿ?’

‘ಏನೋ ಅಂದಿರ್ತೀನಿ ಆಪಾ, ನೆನಪಿಲ್ಲ.’

‘ಏನೋ ಅಂದಿದ್ದಕ್ಕ ಏನೋ ಮಾಫ್ ಮಾಡ್ಲ್ಯಾ? ನೀ ಬಾಗವಾನ ಅಲ್ಲೇನೋ? ಮುಚ್ಚಿದ ಬುಟ್ಟ್ಯಾಗಿನ ಹಣ್ಣು ನೋಡದ ಯಾರರ ತಗೋತಾರೇನು? ಬಿಚ್ಚಿ ತೋರಸು. ಆಮ್ಯಾಲ ಕೊಡೂದು ಬಿಡೂದು ನಾ ನೋಡ್ತೀನಿ.’

ಎಲ್ಲರೂ ಕಿವಿ ನೆಟ್ಟಗೆ ಮಾಡಿದರು. ಕೊನೆಗೆ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ: ‘ಈ ಮುದುಕಿ ಹಜ್ಜಕ್ಕ ಹೊಂಟಾಳೋ, ಮಕ್ಕಾದಾಗ ಹಿಟ್ಟಿನ ಗಿರಣಿ ಹಾಕಾಕ ಹೊಂಟಾಳೋ ಅಂದಿದ್ದೆ ಆಪಾ.’ ಆಮೇಲೆ ಮುದುಕಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ‘ಮಾಫ್ ಮಾಡ್ದೆ ಹೋಗು. ಈಗ ಮಾಡಿದ್ದು ಖರೇ ಮಾಫ್. ಆದ್ರ ಆ ಬೀಸೂ ಕಲ್ಲು ಹಡಗಿನ ತನಕ ನೀನ ಹೊರಬೇಕು’ ಎಂದಳು. ಹೊರುತ್ತೇನೆ. ಅದೇನೂ ಭಾರವಲ್ಲ.

ಭಾರ ಆದದ್ದು ಅವಳ ಮಾತು. ಅಂದೇ ಸಾಹೇಬರನ್ನು ಒಂದು ಕಡೆ ಕರೆದು, ಒಬ್ಬ ಮನುಷ್ಯ ಏನು ಎತ್ತ ತಿಳಿಯದೆ ಮಾಫಿ ಕೊಟ್ಟಿದ್ದರೆ ಅದು ಸಲ್ಲುತ್ತದೆಯೇ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ಯಾರು, ಏನು ಎಂದು ಕೇಳಲಿಲ್ಲ. ‘ಸಣ್ಣ ಪುಟ್ಟದಕ್ಕ ಸಲ್ತದ. ದೊಡ್ಡದಕ್ಕ ನಿಮ್ಮ ಮನಸ್ಸೇ ಸಲ್ಲೂದಿಲ್ಲ ಅಂತ ಹೇಳಾಕತ್ತದ, ಅದಕ್ಕ ಕೇಳಾಕ ಬಂದೀರಿ’ ಎಂದರು. ‘ಅಲ್ಲಾಹನ ಹಕ್ಕು ಅಲ್ಲಾಹ ಬಿಟ್ಟಾನು. ಮನುಷ್ಯಾನ ಹಕ್ಕು ಆ ಮನುಷ್ಯಾನೇ ಬಿಡಬೇಕು. ಹಜ್ಜಿನ ದಿನ ಅರಫಾತಿನ ಬಯಲಿನ್ಯಾಗ ಹೊತ್ತು ಮುಳುಗೂ ತನಕ ನಿಂತು ಅತ್ತರೂ ಅದೊಂದು ಹಂಗೇ ಉಳೀತದ.’

ಹಜ್ ಎಂದರೆ ಹಡಗು, ಮರಳು, ಒಂಟೆ ಎಂದು ನಾನು ತಿಳಿದಿದ್ದೆ ಮಾಪಣ್ಣ. ಆರು ತಿಂಗಳಿಂದ ಆ ದಾರಿಯದೇ ಹೆದರಿಕೆ. ಈಗ ನೋಡಿದರೆ ಜಿದ್ದಾ ತನಕ ಹೋಗುವುದು ಸುಲಭ, ಕಮಲಾಪುರದಲ್ಲಿ ನಿನ್ನ ಕಟ್ಟೆಯ ತನಕ ಹೋಗುವುದೇ ಕಷ್ಟ. ಇಪ್ಪತ್ನಾಲ್ಕು ಮೈಲಿ, ಗಾಡಿಗೆ ಒಂದು ದಿನದ ದಾರಿ. ನಾನೇ ಬರಬಹುದಿತ್ತು. ಹಜ್‌ಗೆ ಹೊಸಿಲು ದಾಟಿದವನು ನಡುವೆ ತಿರುಗಿ ಊರಿಗೆ ಬರಬಾರದು ಎಂದು ನಮ್ಮ ಮನೆಯಲ್ಲಿ ಹಿರಿಯರ ಮಾತು ಇದೆ. ಆದರೆ ಅದು ನೆವ. ನಿನ್ನ ಮುಖ ನೋಡುತ್ತ ಹೇಳುವ ಎದೆ ನನಗಿಲ್ಲ, ಇರುವ ವಿಷಯ ಇಷ್ಟೇ.

ನಿನ್ನೆ ಮೆಹಬೂಬಿಗೆ ಹೇಳಿದೆ. ಅವಳಿಗೂ ಇಷ್ಟು ವರ್ಷ ಗೊತ್ತಿರಲಿಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಆ ಗಂಟನ್ನು ನನ್ನ ಎಹ್ರಾಮಿನಿಂದ ತೆಗೆದು ನನ್ನ ಮುಂದೆ ಇಟ್ಟಳು. ‘ಇದು ಅವರದು. ಮೊದಲ ಅವರಿಗೆ ಮುಟ್ಟಸ್ರಿ. ಆಮ್ಯಾಲ ಮಕ್ಕಾ’ ಎಂದಳು. ಅದಕ್ಕೇ ಇಂದು ಈ ಕಾಗದ.

ನೀನು ಅಂದು ನಗುತ್ತ ಕೊಟ್ಟ ಮಾಫಿಯನ್ನು ಈ ಕಾಗದದ ಜೊತೆ ನಿನಗೆ ವಾಪಸು ಕಳಿಸುತ್ತಿದ್ದೇನೆ. ಮುಚ್ಚಿದ ಬುಟ್ಟಿ ನೋಡಿ ನೀನು ಕೊಟ್ಟದ್ದು ಅದು, ನಾನು ಇಟ್ಟುಕೊಳ್ಳಬಾರದು. ಬುಟ್ಟಿಯನ್ನು ಕೆಳಗೆ, ಸಹಿಯ ಆಚೆ, ಬಿಚ್ಚಿದ್ದೇನೆ. ಓದಿ ನೋಡು. ಆಮೇಲೂ ಕೊಡುವ ಮನಸ್ಸು ಬಂದರೆ ಶುಕ್ರವಾರ ಸಂಜೆ ಸ್ಟೇಷನ್ನಿಗೆ ಬಾ. ಏನೂ ಮಾತಾಡಬೇಡ, ಬಂದು ನಿಂತರೆ ಸಾಕು. ಬರದಿದ್ದರೆ ಅದೂ ನ್ಯಾಯವೇ. ನಾನು ರೈಲು ಹತ್ತುತ್ತೇನೆ, ಹತ್ತು ಜನರಿಗೆ ಮಾತು ಕೊಟ್ಟಾಗಿದೆ. ಆದರೆ ಅಲ್ಲಿ ಎಲ್ಲರೂ ಕೈ ಎತ್ತಿದಾಗ, ಎಲ್ಲರ ಹತ್ತಿರ ಮಾಫಿ ಪಡೆದು ಬಂದವನು ಎಂದು ನಾನು ಹೇಳಿಕೊಳ್ಳುವುದಿಲ್ಲ. ಒಬ್ಬನದು ಬಾಕಿ ಇದೆ ಎಂದೇ ಹೇಳುತ್ತೇನೆ.

ಕಾಗದ ತರುವವನು ನಮ್ಮ ಗಾಡಿಯ ದೌಲಪ್ಪ. ಅವನಿಗೆ ಏನೂ ಗೊತ್ತಿಲ್ಲ. ಹೊಟ್ಟೆ ತುಂಬ ಊಟ ಹಾಕು, ಬಿಸಿಲಲ್ಲಿ ಬಂದಿರುತ್ತಾನೆ.

ನಿನ್ನ ಮನೆಯಾಕೆ ಅಂಬಮ್ಮನಿಗೆ ನನ್ನ ಶರಣು ಹೇಳು. ಅವಳು ಕಟ್ಟಿಕೊಟ್ಟ ಎಳ್ಳು ಹೋಳಿಗೆ ಇನ್ನೂ ಇದೆ, ಹಡಗಿಗೆಂದು ಮೆಹಬೂಬಿ ಬೀಗ ಹಾಕಿಟ್ಟಿದ್ದಾಳೆ. ನಿನ್ನ ಮಕ್ಕಳು ಮರಿ ನೂರು ವರ್ಷ ಬಾಳಲಿ, ನಿನ್ನ ಬಾಳೆ ಬುಡ ಬುಡಕ್ಕೆ ಮರಿ ಒಡೆಯಲಿ. ನಾನು ತಿರುಗಿ ಬಂದರೆ ನಿನ್ನ ಕಟ್ಟೆಗೆ ಬರುತ್ತೇನೆ, ಕೂರು ಅನ್ನುತ್ತೀಯೋ ಇಲ್ಲವೋ ಆಗ ನೋಡೋಣ. ಬರದಿದ್ದರೆ, ಹೊರಡುವಾಗ ನಿನ್ನಲ್ಲಿ ಬಿಟ್ಟ ನನ್ನ ತಕ್ಕಡಿ ನಿನ್ನ ಮನೆಯಲ್ಲೇ ಇರಲಿ.

ಇಂತಿ ನಿನ್ನ ಹಳೆಯ ಗೆಳೆಯ,
ಖಮರುದ್ದೀನ್ ಬಾಗವಾನ, ನಿನ್ನ ಬಾಯಲ್ಲಿ ಕಮರ್ಯಾ

ಮರೆತ ಮಾತು (ಮರೆತದ್ದಲ್ಲ. ಇದನ್ನು ಒಬ್ಬನೇ ಕುಳಿತು ಓದು):

ಜ್ವರದ ವರ್ಷ, ದಸರೆಯ ಮರುದಿನ. ಶಹರಿನಲ್ಲಿ ಜ್ವರದವರಿಗೆ ಹಣ್ಣು ಬೇಕು ಎಂದು ಜನ ಮುಗಿಬೀಳುತ್ತಿದ್ದರು. ನಿನ್ನ ಬಾಳೆಯನ್ನು ಜಗತ್ ಬಜಾರದಲ್ಲಿ ಇಳಿಸಿ ನಿನ್ನ ಗಾಡಿ ಹೊಡೆದುಕೊಂಡು ವಾಪಸು ಬರುತ್ತಿದ್ದೆ. ಕಪನೂರದ ತಿರುವಿನ ಜಾಲಿಮರದ ಕೆಳಗೆ ಚಂದಮ್ಮ ನಿಂತಿದ್ದಳು. ಆ ಬಿಸಿಲಲ್ಲಿ ಮೈತುಂಬ ಕಂಬಳಿ. ನಾನು ಗಾಡಿ ತರುವ ದಿನ ಅವಳಿಗೆ ಗೊತ್ತಿತ್ತು, ಕಾದು ನಿಂತಿದ್ದಳು. ಅತ್ತೆ ಜ್ವರದಲ್ಲಿ ಹೋದಳು, ಗಂಡ ಮಲಗಿದ್ದಾನೆ ಎಂದಳು. ಬಾ ತಂಗಿ, ಗಾಡಿ ಖಾಲಿ ಇದೆ ಎಂದೆ, ಆದರೆ ಕೆಳಗೆ ಇಳಿಯಲಿಲ್ಲ. ಜ್ವರಕ್ಕೆ ಹೆದರಿದ್ದೆ. ಗಂಡನನ್ನು ಬಿಟ್ಟು ಬರಲಾರೆ ಎಂದಳು. ಬನ್ನಿ ಎಲೆಯನ್ನು ಸೆರಗಿನಿಂದ ಬಿಚ್ಚಿ ಗಾಡಿಯ ಹಲಗೆಯ ಮೇಲೆ ಇಟ್ಟಳು. ಅವಳು ಹೇಳಿದ್ದು ಅಕ್ಷರ ಅಕ್ಷರ ನೆನಪಿದೆ: ‘ಕಮರಣ್ಣಾ, ಇದು ನಮ್ಮಣ್ಣಗ ಕೊ‌ಡು. ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂತ ಹೇಳು. ಸಿಟ್ಟು ನಾ ಬಿಟ್ಟೀನಿ, ಅವನೂ ಬಿಡ್ಲಿ. ಗಾಡಿ ಕಟ್ಟಿಕೊಂಡು ಬಂದು ನಮ್ಮಿಬ್ಬರನ್ನೂ ಕರಕೊಂಡು ಹೋಗು ಅಂತ ಹೇಳು.’

ನಾನು ಊರು ಮುಟ್ಟಿದಾಗ ನೀನು ಮರುದಿನಕ್ಕೆಂದು ಗೊನೆ ಕಡಿದು ಹೊರೆ ಕಟ್ಟುತ್ತಿದ್ದೆ. ಹೇಳಿದ್ದರೆ ನೀನು ಅಷ್ಟನ್ನೂ ಅಲ್ಲೇ ಚೆಲ್ಲಿ ಗಾಡಿ ತಿರುಗಿಸುತ್ತಿದ್ದೆ, ನನಗೆ ಗೊತ್ತಿತ್ತು. ನೀನು ಹೋಗಿ ಜ್ವರ ಹಚ್ಚಿಕೊಂಡು ಬರುತ್ತೀ ಎಂದು ಹೆದರಿ ಸುಮ್ಮನಾದೆ ಎಂದು ಒಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು ಮಾಪಣ್ಣ. ಇದ್ದದ್ದು ಒಂದೇ ಗಾಡಿ. ಹಣ್ಣು ಕೆಡುತ್ತದೆ, ಇನ್ನೊಂದು ಸಲ ಶಹರಿಗೆ ಹೋಗಿ ಬಂದು ಹೇಳಿದರಾಯಿತು ಎಂದುಕೊಂಡೆ. ಬಾಳೆಹಣ್ಣಿಗಾಗಿ ಸುಮ್ಮನಾದೆ. ನಾಲ್ಕನೆಯ ದಿನ ಮರಳುವಾಗ ಆ ತಿರುವಿನಲ್ಲಿ ಗಾಡಿ ನಿಲ್ಲಿಸಿದಾಗ ಯಾರೂ ಇರಲಿಲ್ಲ. ಹಿಂದಿನ ದಿನವೇ ಗಂಡ ಹೆಂಡಿರಿಬ್ಬರನ್ನೂ ಮಣ್ಣು ಮಾಡಿದ್ದರು. ಅಣ್ಣನನ್ನು ಕರೆಯಿರಿ ಎನ್ನಲಿಲ್ಲವಲ್ಲ ಎಂದು ನೀನು ತಲೆ ಚಚ್ಚಿಕೊಂಡು ಅಳುವಾಗ ನಿನ್ನ ಹೆಗಲ ಮೇಲೆ ಕೈ ಇಟ್ಟು ಕುಳಿತಿದ್ದವನು ನಾನೇ. ಎಲೆ ಆಗ ನನ್ನ ಜೇಬಿನಲ್ಲೇ ಇತ್ತು.

ಅದು ಈಗ ಈ ಕಾಗದದ ಮಡಿಕೆಯಲ್ಲಿದೆ. ಪುಡಿಯಾಗಿದೆ, ಬಿಚ್ಚುವಾಗ ಗಾಳಿಗೆ ಹಿಡಿಯಬೇಡ.

ದೇವರ ಮನೆಯ ಮುಂದೆ ಚಂದಮ್ಮನ ಹೆಸರು ತಗಿ ಎಂದಿದ್ದೆಯಲ್ಲ, ತೆಗೆಯುತ್ತೇನೆ. ನನ್ನ ಮಾಫಿಯನ್ನು ಕೇಳಿಕೊಳ್ಳುತ್ತೇನೆ. ನಿನ್ನ ಪರವಾಗಿ ಕೇಳಲು ಏನೂ ಇಲ್ಲ ಮಾಪಣ್ಣ. ಅವಳು ನಿನಗೆ ಅಂದೇ ಕೊಟ್ಟಿದ್ದಳು.